ಮಾಮೂ ಕೈಯ ಗಡಿಯಾರ

ಬೈಪಾಸ್ ಆಗಿ ಮೂರು ತಿಂಗಳಾಗಿದ್ದ ನಮ್ಮ ಮಾಮೂಗೆ ಜಿದ್ದಾದಲ್ಲಿರುವ ಮಗ ಸ್ಮಾರ್ಟ್‌ವಾಚ್ ಕಳುಹಿಸಿದ. ಅದು ಎದೆಬಡಿತ ಎಣಿಸುತ್ತದೆ, ಹೆಜ್ಜೆ ಎಣಿಸುತ್ತದೆ, ಎಣಿಸಿದ್ದನ್ನು ಜಿದ್ದಾದ ಮೊಬೈಲಿಗೂ ಮುಟ್ಟಿಸುತ್ತದೆ. ಮಗ ಎದ್ದ ಕೂಡಲೇ ಫೋನು: 'ಅಬ್ಬಾ, ಫಜರ್ ಹೊತ್ತಿಗೆ ಯಾಕೆ ಏರಿತ್ತು?' ಆ ಪ್ರೀತಿಯನ್ನು ನಾವು ಹಗುರ ಮಾಡುವುದಿಲ್ಲ. ನಮ್ಮ ತಕರಾರು ಬೇರೆ.

ಮಾಮೂಗೆ 62 ವರ್ಷ. ಇಂಥ ಯಂತ್ರಗಳ ಹಳೆಯ ಲೆಕ್ಕ 220ರಲ್ಲಿ ವಯಸ್ಸನ್ನು ಕಳೆಯುವುದು: 158. ಅದರ ಶೇಕಡಾ 70, ಅಂದರೆ 110ರ ಆಸುಪಾಸು ಮುಟ್ಟಿದರೆ ಅದು ವ್ಯಾಯಾಮ. ಮಾಮೂ 95 ದಾಟಲಿಲ್ಲ. ತಮ್ಮದೇ ಸೋಮಾರಿತನವೆಂದು ಬಗೆದು ಇನ್ನೂ ಜೋರಾಗಿ ನಡೆದರು. ಒಂದು ದಿನ ಏರಿನಲ್ಲಿ ತಲೆ ಸುತ್ತಿ ಅಂಗಡಿಯ ಕಟ್ಟೆ ಮೇಲೆ ಕುಳಿತುಬಿಟ್ಟರು. ಅವರು ದಿನಾ ನುಂಗುವ ಮೆಟೊಪ್ರೊಲಾಲ್ ಮಾತ್ರೆಯ ಕೆಲಸವೇ ಬಡಿತ ಏರದಂತೆ ಹಿಡಿಯುವುದು! ಗಡಿಯಾರಕ್ಕೆ ಮಾತ್ರೆಯ ವಿಷಯ ಗೊತ್ತಿರಲಿಲ್ಲ. ಮಾತ್ರೆ ಕೊಟ್ಟವರು ಗಡಿಯಾರ ನೋಡಿರಲಿಲ್ಲ.

ಈ ಯಂತ್ರದ ವಂಶಾವಳಿ ನೋಡಿದರೆ ಆಶ್ಚರ್ಯವೆನಿಸದು. ಮೈಮೇಲೆ ಧರಿಸುವ ತಂತಿಯಿಲ್ಲದ ಬಡಿತ ಮಾಪಕವನ್ನು ಫಿನ್‌ಲೆಂಡಿನ ಪೋಲಾರ್ ಕಂಪೆನಿ 1982ರಲ್ಲಿ ತಂದದ್ದು ಕ್ರೀಡಾಪಟುಗಳಿಗಾಗಿ. ಇಂದಿಗೂ ಅದರ ಭಾಷೆ ಮೈದಾನದ್ದೇ: ಗುರಿ, ದಾಖಲೆ, ಪದಕ. ಎದೆಮೂಳೆ ಸೀಳಿ ಹೊಲಿಸಿಕೊಂಡವನು ಮತ್ತೆ ಯಾವಾಗ ನೆಲದ ಮೇಲೆ ಸಜ್ದಾ ಮಾಡಬಹುದು ಎಂಬುದು ಮಾಮೂವಿನ ಮೊದಲ ಪ್ರಶ್ನೆಯಾಗಿತ್ತು. ಅದಕ್ಕೆ ಗಡಿಯಾರದಲ್ಲಿ ಉತ್ತರವಿಲ್ಲ.

ಹಾಗೆಂದು ಹಕೀಮರ ಬೆರಳುಗಳೇ ಸಾಕಿದ್ದವೆಂದು ಹಳಹಳಿಸುವವರು ನಾವಲ್ಲ. ಇಬ್ನ್ ಸೀನಾ ನಾಡಿಯಲ್ಲಿ ಹತ್ತು ಲಕ್ಷಣಗಳನ್ನು ಹೇಳಿದ್ದು ನಿಜ. ಆದರೆ ನಡುರಾತ್ರಿ ತಾಳ ತಪ್ಪಿದ ಬಡಿತವನ್ನು ಯಾವ ಹಕೀಮರೂ ಹಿಡಿದಿಡಲಾರರು, ಇಸಿಜಿ ಇರುವ ವಾಚ್ ಕೆಲವೊಮ್ಮೆ ಹಿಡಿಯುತ್ತದೆ. ಹೃದಯಾಘಾತವನ್ನು ಮಾತ್ರ ಅದು ಗುರುತಿಸದು. ಉಳಿದಂತೆ ಅದು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ಓದುತ್ತದೆ. ಪಟ್ಟಿ ಸಡಿಲವಾದರೆ, ಕೈ ಬೀಸಿದರೆ ಓದು ತಪ್ಪುತ್ತದೆ.

ನಿಜವಾದ ಕೊರತೆ ಗಡಿಯಾರದ್ದಲ್ಲ. ಹೃದಯ ಪುನಶ್ಚೇತನವೆಂದರೆ ಟ್ರೆಡ್‌ಮಿಲ್ ಪರೀಕ್ಷೆ, ಅಳೆದು ಕೊಟ್ಟ ವ್ಯಾಯಾಮ, ಊಟದ ಸಲಹೆ, ಮನಸ್ಸಿನ ಭಯಕ್ಕೊಂದು ಕಿವಿ. ಮಾಮೂವಿನ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ಎರಡೇ ಪದ: 'ದಿನಾ ನಡೆಯಿರಿ'. ಲಕ್ಷಗಟ್ಟಲೆ ಬಿಲ್ಲು ಕಟ್ಟಿಸಿಕೊಂಡ ಆಸ್ಪತ್ರೆ ಖಾಲಿ ಬಿಟ್ಟ ಜಾಗವನ್ನು ಅಂಗಡಿಯ ವಾಚ್ ತುಂಬಿತು. ತುಂಬಿದ್ದರಿಂದ ಖಾಲಿಯಿತ್ತೆಂಬುದೇ ನಮಗೆ ಕಾಣದೆ ಹೋಯಿತು.

ಸ್ವೀಡನ್ನಿನ ಗುನ್ನಾರ್ ಬೋರ್ಗ್ ದಣಿವನ್ನು ರೋಗಿಯೇ 6ರಿಂದ 20ರವರೆಗೆ ಅಂಕ ಕೊಟ್ಟು ಹೇಳುವ ಅಳತೆ ರೂಪಿಸಿದರು. ಅದಕ್ಕಿಂತ ಸುಲಭದ್ದೂ ಒಂದಿದೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡಕ್ಕೂ ಬ್ಯಾಟರಿ ಬೇಡ.

ಮುಂದಿನ ತಪಾಸಣೆಗೆ ಮಾಮೂ ವಾಚನ್ನೂ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಒಯ್ದರು. ಬೇರೊಬ್ಬ ವೈದ್ಯರು ಮಾತ್ರೆ ನುಂಗಿಸಿಯೇ ಟ್ರೆಡ್‌ಮಿಲ್ ಹತ್ತಿಸಿ ಚೀಟಿಯಲ್ಲಿ ಬರೆದರು: 85ರಿಂದ 95. ಮಾಮೂ ಅಷ್ಟು ದಿನ ಸೋತೆನೆಂದು ನಾಚುತ್ತಿದ್ದದ್ದು ಅದೇ ಅಂಕಿಗೆ.