ಕತ್ತಿಯ ಮೇಲಿನ ಹೆಸರು

ಈವರ್ಟ್ ಓಕ್‌ಶಾಟ್ ಅವರ ‘ರೆಕಾರ್ಡ್ಸ್ ಆಫ್ ದಿ ಮೆಡೀವಲ್ ಸೋರ್ಡ್’ (1991) ಪುಸ್ತಕವನ್ನು ಓದುತ್ತಿದ್ದಾಗ ಮನೆಯವರೆಲ್ಲ ನಕ್ಕರು. ಕತ್ತಿಗೂ ನಿನಗೂ ಏನು ಸಂಬಂಧ ಎಂದು. ಆದರೆ ಹಳೆಯ ವಸ್ತು ಎಲ್ಲಿಯದು, ಯಾವ ಕಾಲದ್ದು ಎಂದು ಪತ್ತೆ ಹಚ್ಚುವುದು ನಮಗೆ ಹೊಸದೇ? ಅಟ್ಟದಿಂದ ಇಳಿಸಿದ ತಾಮ್ರದ ಹಂಡೆ ಅಜ್ಜಿಯದೋ ಮುತ್ತಜ್ಜಿಯದೋ ಎಂದು ಅದರ ಕಂಠ, ತೂಕ ನೋಡಿಯೇ ಹೇಳುತ್ತೇವಲ್ಲ!

ಯುರೋಪಿನ ಹಳೆಯ ಕತ್ತಿಗಳ ಅಲಗಿನ ಮೇಲೆ ಹೆಸರೋ ಗುರುತೋ ಇರುವುದುಂಟು. ಎಲ್ಲರೂ ಮೊದಲು ಮರುಳಾಗುವುದು ಅದಕ್ಕೇ. ‘ಉಲ್ಫ್‌ಬೆರ್ಟ್’ ಎಂಬ ಹೆಸರಿನ ಸುಮಾರು 170 ಕತ್ತಿಗಳು ಸಿಕ್ಕಿವೆ. ಅವುಗಳ ಕಾಲ 9ನೆಯ ಶತಮಾನದಿಂದ 11ನೆಯ ಶತಮಾನದವರೆಗೆ ಹರಡಿದೆ. ಒಬ್ಬ ಕಮ್ಮಾರ ಅಷ್ಟು ಕಾಲ ಬದುಕಿರಲಾರ. ಜರ್ಮನಿಯ ಪಾಸೌ ಊರಿನ ಗುರುತು ಓಡುವ ತೋಳ. ಅದಕ್ಕೆ ಬೆಲೆ ಬಂದ ಮೇಲೆ ಜೋಲಿಂಗೆನ್ನಿನವರೂ ತಮ್ಮ ಅಲಗಿನ ಮೇಲೆ ತೋಳವನ್ನು ಓಡಿಸಿದರು.

ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಶಸ್ತ್ರಾಗಾರಕ್ಕೆ ಸೇರಿದ ಯುರೋಪಿನ ಕತ್ತಿಗಳ ಮೇಲೆ ಅರಬ್ಬಿ ಬರಹವಿದೆ. ಹಲವುಗಳಲ್ಲಿ ಇಸವಿಯೂ ಇದೆ. ಹಾಗೆಂದು ಅವು ಅರಬರು ಮಾಡಿದ ಕತ್ತಿಗಳಲ್ಲ. ಗೃಹಪ್ರವೇಶಕ್ಕೆ ಬಂದ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಾರೀಕು ಇರುತ್ತದೆ, ಮಾಡಿದವರದು ಇರುವುದಿಲ್ಲ. ಇದೂ ಹಾಗೆಯೇ. ಕತ್ತಿ ಆ ಇಸವಿಗಿಂತ ಈಚಿನದಲ್ಲ ಎಂದಷ್ಟೇ ತಿಳಿಯುತ್ತದೆ. ಆದರೆ ಅಷ್ಟು ತಿಳಿಯುವುದೂ ದೊಡ್ಡ ಲಾಭವೇ.

ಓಕ್‌ಶಾಟ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿ: ಅವರು ಅಲಗಿನ ಆಕಾರವನ್ನೇ ಮುಖ್ಯ ಸಾಕ್ಷಿಯಾಗಿ ಕೂರಿಸಿದರು. ಅವರಿಗಿಂತ ಮೊದಲು ವೈಕಿಂಗ್ ಕಾಲದ ಕತ್ತಿಗಳನ್ನು ಹಿಡಿ ನೋಡಿ ವಿಂಗಡಿಸಿದ್ದವರು ಮಾರ್ಟಿಮರ್ ವೀಲರ್. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದವರೇ. ಆದರೆ ಹಿಡಿಯನ್ನು ಬದಲಿಸಬಹುದು. ಈಳಿಗೆಯ ಮಣೆ ಹೊಸದಾದರೂ ಅಲಗು ಅತ್ತೆಯ ಕಾಲದ್ದೇ ಇರುತ್ತದಲ್ಲ, ಹಾಗೆ. ಅಗಲವಾದ, ಉದ್ದಕ್ಕೂ ಕಾಲುವೆಯಂಥ ತಗ್ಗಿರುವ ಚಪ್ಪಟೆ ಅಲಗು ಕಡಿಯಲಿಕ್ಕೆ. ಅದು ಓಕ್‌ಶಾಟರ ಹತ್ತನೆಯ ಬಗೆ. ಉಕ್ಕಿನ ತಗಡಿನ ಕವಚ ಬಂದ ಮೇಲೆ ಸಂದಿನಲ್ಲಿ ತಿವಿಯಬೇಕಾಯಿತು. ಆಗ ಬಂದದ್ದು ನಡುವೆ ಏಣಿರುವ, ಚೂಪು ತುದಿಯ ಹದಿನೈದನೆಯ ಬಗೆ. ಹೀಗೆ ಇಪ್ಪತ್ತೆರಡರವರೆಗೆ. ಪ್ರತಿ ಆಕಾರಕ್ಕೂ ಕಾರಣವಿದೆ. ಓದುತ್ತ ಹೋದಂತೆ ಅದು ನಮಗೂ ಕಾಣತೊಡಗುತ್ತದೆ.

ಕೊರತೆಗಳೂ ಉಂಟು. ಪುಸ್ತಕದ ಎಷ್ಟೋ ಕತ್ತಿಗಳು ಖಾಸಗಿ ಸಂಗ್ರಹದವು. ಅವು ಯಾವ ಮಣ್ಣಿನಿಂದ, ಯಾವ ನದಿಯಿಂದ ಬಂದವೆಂಬ ದಾಖಲೆ ಇಲ್ಲ. ಕೈಯಲ್ಲಿ ಹಿಡಿದಾಗ ಆಗುವ ಅನುಭವವನ್ನು ಅವರು ಬಹಳ ನಂಬುತ್ತಾರೆ. ಚಿತ್ರ ಮಾತ್ರ ನೋಡುವ ಓದುಗಳು ಅದನ್ನು ಪರೀಕ್ಷಿಸುವುದೆಂತು? ಆಕಾರ ಕಾಲವನ್ನು ಹೇಳೀತು, ಊರನ್ನು ಹೇಳುವುದು ಕಷ್ಟ. ಅಲಗು ಒಂದೂರಿನದು, ಹಿಡಿ ಇನ್ನೊಂದೂರಿನದು ಆಗಿರುವುದು ಸಾಮಾನ್ಯ. ಲೋಹದ ಒಳಗನ್ನು ನೋಡಿದ ಅಲನ್ ವಿಲಿಯಮ್ಸ್ ಅವರ ‘ದಿ ಸೋರ್ಡ್ ಅಂಡ್ ದಿ ಕ್ರೂಸಿಬಲ್’ (2012) ಅನ್ನು ಇದರ ಜೊತೆಗಿಟ್ಟು ಓದಬೇಕು. ಉಲ್ಫ್‌ಬೆರ್ಟ್ ಹೆಸರಿನ ಕತ್ತಿಗಳಲ್ಲೇ ಕೆಲವು ಉತ್ತಮ ಉಕ್ಕಿನವು, ಕೆಲವು ಕಳಪೆ ಎಂಬುದು ಅವರ ಪರೀಕ್ಷೆಯಲ್ಲಿ ಹೊರಬಿತ್ತು.

ಇಷ್ಟಾದರೂ ಓಕ್‌ಶಾಟ್ ನನಗೆ ಮೆಚ್ಚುಗೆಯಾಗುವುದು ಒಂದು ಗುಣಕ್ಕಾಗಿ. ತಾವೇ ಮೊದಲು ಹೇಳಿದ್ದ ಕಾಲನಿರ್ಣಯಗಳನ್ನು ಈ ಪುಸ್ತಕದಲ್ಲಿ ಅವರು ಸಂಕೋಚವಿಲ್ಲದೆ ತಿದ್ದಿಕೊಂಡಿದ್ದಾರೆ. ಹಳೆಯ ವಸ್ತುವಿಗೆ ವೀರನೊಬ್ಬನ ಹೆಸರು ಅಂಟಿಸಿ ಬೆಲೆ ಏರಿಸುವವರಿಗೆ ಈ ವಿನಯ ಬಾರದು. ಹೆಸರು ಬರೆಯಲು ಒಂದು ಗಳಿಗೆ ಸಾಕು; ಅಲಗು ಬಡಿಯಲು ಕಸುಬೇ ಬೇಕು. ನೋಡುವುದಾದರೆ ಕಸುಬನ್ನು ನೋಡಬೇಕು.