ಕುಂಬಾರನ ದೃಷ್ಟಾಂತವೂ ಜೀವಶಾಸ್ತ್ರದ ಪಾಠವೂ

ಜೀವರಾಶಿಯಲ್ಲಿ ಕಂಡುಬರುವ ವ್ಯವಸ್ಥೆಯನ್ನು ಬುದ್ಧಿಯುಳ್ಳ ಕರ್ತೃವೊಬ್ಬನು ಯೋಜಿಸಿ ರಚಿಸಿದನೆಂಬ ವಾದಕ್ಕೆ ಅಮೆರಿಕದಲ್ಲಿ ‘ಇಂಟೆಲಿಜೆಂಟ್ ಡಿಸೈನ್’ ಎಂದು ಹೆಸರು. ನಾವು ಇದನ್ನು ಬುದ್ಧಿಪೂರ್ವಕ ರಚನಾವಾದವೆಂದು ಕರೆಯಬಹುದು. ಶಾಲೆಯ ವಿಜ್ಞಾನದ ಪಾಠದಲ್ಲಿ ಇದಕ್ಕೆ ಸ್ಥಾನವುಂಟೆ ಎಂಬುದು ವಿವಾದದ ವಿಷಯ. ದೂರದೇಶದ ಜಗಳವೆಂದು ನಾವು ಇದನ್ನು ಉಪೇಕ್ಷಿಸುವಂತಿಲ್ಲ. 2018ರ ಜನವರಿಯಲ್ಲಿ, ಆಗ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ವಾನರನು ಮನುಷ್ಯನಾದುದನ್ನು ಕಂಡವರಿಲ್ಲವೆಂದೂ ಡಾರ್ವಿನ್ನನ ಸಿದ್ಧಾಂತವನ್ನು ಪಠ್ಯದಲ್ಲಿ ಬದಲಿಸಬೇಕೆಂದೂ ಹೇಳಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಡನೆಯೇ ಅದನ್ನು ಅಲ್ಲಗಳೆದವು. ಮುಂದೆ ಎನ್.ಸಿ.ಇ.ಆರ್.ಟಿ.ಯು ತನ್ನ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ಮಕ್ಕಳ ಹೊರೆಯನ್ನು ಇಳಿಸುವುದು ಅದು ಕೊಟ್ಟ ಕಾರಣ. 12ನೆಯ ತರಗತಿಯಲ್ಲಿ ವಿಷಯ ಉಳಿದಿದೆ. ಆದರೆ 10ನೆಯ ತರಗತಿಯ ತರುವಾಯ ಜೀವಶಾಸ್ತ್ರವನ್ನು ಓದದ ಮಕ್ಕಳೇ ಹೆಚ್ಚು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಇದನ್ನು ಆಕ್ಷೇಪಿಸಿ ಸಹಿ ಹಾಕಿದರು.

ನಮ್ಮ ಮಠಗಳು ಅನೇಕ ಶಾಲೆಗಳನ್ನು ನಡೆಸುತ್ತಿವೆ. ಡಾರ್ವಿನ್ನನ ಬದಲು, ಇಲ್ಲವೆ ಅವನ ಜೊತೆಗೆ, ಈಶ್ವರನ ಸೃಷ್ಟಿಯನ್ನೂ ವಿಜ್ಞಾನದ ಗಂಟೆಯಲ್ಲಿ ಹೇಳಬಾರದೇಕೆ ಎಂದು ಭಕ್ತರು ಕೇಳುವುದು ಸಹಜ. ಆ ಪ್ರಶ್ನೆಯ ಹಿಂದೆ ಇರುವ ಶ್ರದ್ಧೆ ಗೌರವಾರ್ಹವಾದುದು. ಆದರೆ ಆ ವಾದವನ್ನು ಪರೀಕ್ಷಿಸಿದರೆ ಅದು ವಿಜ್ಞಾನವಾಗಿಯೂ ನಿಲ್ಲದು, ನಮ್ಮ ಸಿದ್ಧಾಂತಕ್ಕೂ ಒಪ್ಪದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ದೃಷ್ಟಾಂತವನ್ನು ನೋಡೋಣ. ಗಡಿಯಾರವಿದ್ದ ಮೇಲೆ ಅದನ್ನು ಮಾಡಿದವನಿರಬೇಕೆಂದು ವಿಲಿಯಂ ಪೇಲಿ ಎಂಬ ಇಂಗ್ಲಿಷ್ ಪಾದ್ರಿ 1802ರಲ್ಲಿ ವಾದಿಸಿದನು. ಶರಾವತಿಯ ಹಿನ್ನೀರಿನಾಚೆಯ ಬ್ಯಾಕೋಡು, ತುಮರಿಗಳ ಮಕ್ಕಳಿಗೆ ಗಡಿಯಾರಕ್ಕಿಂತ ದೊಡ್ಡ ನಿದರ್ಶನವೇ ಕಣ್ಣೆದುರಿಗಿದೆ. 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಕಂಡ ಮಗು, ಇದನ್ನು ಯಾರೋ ಯೋಚಿಸಿ ಕಟ್ಟಿದ್ದಾರೆಂದು ತಿಳಿಯುತ್ತದೆ. ಏಕೆ? ನೀರಿನಲ್ಲಿ ಕಂಬ ನಿಲ್ಲಿಸಿದುದನ್ನೂ ಕೆಲಸಗಾರರನ್ನೂ ಅದು ಕಂಡಿದೆ. ಸೇತುವೆಯಾದರೋ ಮರಿ ಹಾಕುವುದಿಲ್ಲ. ಅದೇ ದಂಡೆಯ ಕಾಡಿನ ಮರ ಸಾವಿರ ಬೀಜಗಳನ್ನು ಉದುರಿಸುತ್ತದೆ. ಹುಟ್ಟಿದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಹುಟ್ಟಿದುವೆಲ್ಲ ಉಳಿಯುವುದೂ ಇಲ್ಲ. ಆ ನೆಲಕ್ಕೆ, ಆ ಮಳೆಗೆ ಹೊಂದಿದುವು ಹೆಚ್ಚಾಗಿ ಉಳಿದು ತಮ್ಮ ಗುಣವನ್ನು ಮುಂದಿನ ಪೀಳಿಗೆಗೆ ಕೊಡುತ್ತವೆ. 1859ರಲ್ಲಿ ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆಯ ಬೀಜ ಇಲ್ಲಿದೆ. ಸಂತಾನವುಳ್ಳ ವಸ್ತುವಿಗೂ ಸಂತಾನವಿಲ್ಲದ ವಸ್ತುವಿಗೂ ಇರುವ ಈ ಭೇದವನ್ನು ರಚನಾವಾದವು ಗಣಿಸುವುದಿಲ್ಲ.

ಇಂದಿನ ರಚನಾವಾದಿಗಳು ಗಡಿಯಾರವನ್ನು ಬಿಟ್ಟು ಬ್ಯಾಕ್ಟೀರಿಯಾದ ಕಶಾಂಗವನ್ನು ಹಿಡಿದಿದ್ದಾರೆ. ಅದರ ಒಂದು ಭಾಗ ತಪ್ಪಿದರೂ ಅದು ಕೆಲಸ ಮಾಡದು, ಆದುದರಿಂದ ಅದು ಕ್ರಮೇಣ ಬೆಳೆದಿರಲಾರದು ಎಂಬುದು ಮೈಕೆಲ್ ಬೀಹಿ ಎಂಬ ಜೀವರಸಾಯನ ವಿಜ್ಞಾನಿಯ ವಾದ. ಆದರೆ ಅದರ ಹಲವು ಭಾಗಗಳನ್ನು ಹೋಲುವ ಅಂಗವೊಂದು ಬೇರೆ ಬ್ಯಾಕ್ಟೀರಿಯಾಗಳಲ್ಲಿ ವಿಷವನ್ನು ಚುಚ್ಚುವ ಸೂಜಿಯಂತೆ ಕೆಲಸ ಮಾಡುತ್ತಿದೆ. ಪೆನ್ಸಿಲ್ವೇನಿಯದ ಡೋವರ್ ಎಂಬ ಊರಿನ ಶಾಲಾಮಂಡಳಿಯು ಈ ವಾದವನ್ನು ತರಗತಿಗೆ ತಂದಾಗ 11 ಮಂದಿ ಪೋಷಕರು ನ್ಯಾಯಾಲಯಕ್ಕೆ ಹೋದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಅವರು, ಇದು ವಿಜ್ಞಾನವಲ್ಲ, ಮತಬೋಧೆಯ ಮರುರೂಪವೆಂದು ತೀರ್ಪಿತ್ತರು. ವಿಜ್ಞಾನದ ವ್ಯಾಖ್ಯೆಯನ್ನು ತಾನು ಹೇಳಿದಂತೆ ಹಿಗ್ಗಿಸಿದರೆ ಜ್ಯೋತಿಷ್ಯವೂ ಅದರೊಳಗೆ ಬರುತ್ತದೆಂದು ಬೀಹಿಯೇ ಸಾಕ್ಷ್ಯದಲ್ಲಿ ಒಪ್ಪಿದುದು ಗಮನಾರ್ಹ. ಕರ್ತೃವು ಹಾಗೆ ಇಚ್ಛಿಸಿದನು ಎಂಬ ಉತ್ತರ ಯಾವ ಪ್ರಯೋಗದಿಂದಲೂ ಸುಳ್ಳಾಗುವುದಿಲ್ಲ. ಆದುದರಿಂದಲೇ ಅದು ಯಾವ ಹೊಸ ಸಂಗತಿಯನ್ನೂ ತಿಳಿಸುವುದಿಲ್ಲ.

ಮಲೆನಾಡಿನವರಿಗೆ ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವ ವೈರಾಣುವಿನ ರೋಗ. 2019ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಬೇರೆ ಬೇರೆ ವರ್ಷಗಳಲ್ಲಿ ಸಂಗ್ರಹಿಸಿದ ವೈರಾಣುವಿನ ವಂಶವಾಹಿಯನ್ನು ಹೋಲಿಸಿ, ಅದು ಎಷ್ಟು ಬದಲಾಗಿದೆ, ಯಾವ ಕಡೆಗೆ ಹರಡಿದೆ ಎಂದು ವಿಜ್ಞಾನಿಗಳು ನೋಡುತ್ತಾರೆ. ಕೊರೋನಾದ ಹೊಸ ಹೊಸ ರೂಪಗಳನ್ನು ಗುರುತಿಸಿದ ಕ್ರಮವೂ ಇದೇ. ಜೀವಿಗಳು ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತವೆಂಬ ಪಾಠವನ್ನು ಕಲಿಯದ ಮಗು ಮುಂದೆ ವೈದ್ಯನಾದರೆ, ಇಲ್ಲವೆ ಕಾಡಿನಂಚಿನ ಊರಿನ ಪಂಚಾಯತಿ ಸದಸ್ಯನಾದರೆ, ಈ ರೋಗವನ್ನು ಹೇಗೆ ಅರಿತೀತು?

ಇನ್ನು ಸಿದ್ಧಾಂತದ ಮಾತು. ಗಡಿಗೆಯಿಂದ ಕುಂಬಾರನನ್ನು ಊಹಿಸುವಂತೆ ಜಗತ್ತಿನಿಂದ ಈಶ್ವರನನ್ನು ಊಹಿಸುವ ತರ್ಕ ನಮ್ಮ ನಾಡಿಗೆ ಹೊಸದಲ್ಲ. ನೈಯಾಯಿಕರು ಅದನ್ನು ಬೆಳೆಸಿದರು. 10ನೆಯ ಶತಮಾನದ ಸುಮಾರಿಗೆ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಅದನ್ನು ಬಲಪಡಿಸಿದರು. ಅದನ್ನು ಖಂಡಿಸಿದವರು ಬೌದ್ಧರು, ಮೀಮಾಂಸಕರು ಮಾತ್ರವಲ್ಲ. ಪರಮ ಆಸ್ತಿಕರಾದ ರಾಮಾನುಜಾಚಾರ್ಯರೂ ಶ್ರೀಭಾಷ್ಯದಲ್ಲಿ ಅದನ್ನು ನಿರಾಕರಿಸಿದರು. ದೊಡ್ಡ ಕಟ್ಟಡವನ್ನು ಅನೇಕರು ಸೇರಿ ಕಟ್ಟುತ್ತಾರೆ. ಹಾಗಾದರೆ ಜಗತ್ತಿಗೆ ಒಬ್ಬನೇ ಕರ್ತೃವೆಂಬುದು ಅನುಮಾನದಿಂದ ಹೇಗೆ ಸಿದ್ಧಿಸೀತು? ಪರಮಾತ್ಮನು ಶಾಸ್ತ್ರದಿಂದ ವೇದ್ಯನೇ ಹೊರತು ಇಂತಹ ಊಹೆಯಿಂದಲ್ಲವೆಂಬುದು ಅವರ ನಿಲುವು.

ನಮ್ಮ ಶಕ್ತಿವಿಶಿಷ್ಟಾದ್ವೈತವು ಶಿವನನ್ನು ಕೇವಲ ನಿಮಿತ್ತಕಾರಣವೆನ್ನುವುದಿಲ್ಲ. ನಿಮಿತ್ತವೂ ಉಪಾದಾನವೂ ಅವನೇ. ಕುಂಬಾರನು ಮಣ್ಣಿಗೆ ಹೊರಗಿನವನು. ಶಿವನು ಜಗತ್ತಿಗೆ ಹೊರಗಿನವನಲ್ಲ. ಕಶಾಂಗವೊಂದನ್ನು ಜೋಡಿಸಲು ನಡುನಡುವೆ ಕೈಹಾಕುವ ಕುಶಲಕರ್ಮಿಯನ್ನಾಗಿ ಅವನನ್ನು ಮಾಡಿದರೆ ಸರ್ವವ್ಯಾಪಿಯನ್ನು ಕಿರಿದುಗೊಳಿಸಿದಂತಾಯಿತು. ವಿಜ್ಞಾನಕ್ಕೆ ಇನ್ನೂ ತಿಳಿಯದ ಎಡೆಯಲ್ಲಿ ದೇವರನ್ನು ಇರಿಸಿದರೆ, ನಾಳೆ ಆ ಎಡೆ ತುಂಬಿದಾಗ ಮಗುವಿನ ಶ್ರದ್ಧೆಯ ಗತಿಯೇನು?

ಇದರಿಂದಲೇ ಮತ್ತೊಂದು ಎಚ್ಚರಿಕೆಯೂ ಅಗತ್ಯ. 2019ರಲ್ಲಿ ಜಾಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ, ದಶಾವತಾರವು ಡಾರ್ವಿನ್ನನಿಗಿಂತ ಮೇಲಾದ ವಿಕಾಸವಾದವೆಂಬ ಮಾತು ಕೇಳಿಬಂದಿತು. ನಮ್ಮಲ್ಲಿಯೂ ಶಕ್ತಿಯ ಸಂಕೋಚ-ವಿಕಾಸಗಳ ಮಾತಿದೆ. ಶಬ್ದ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗದು. ಒಂದು ತತ್ತ್ವದರ್ಶನ, ಇನ್ನೊಂದು ಜೀವಿಗಳ ವಂಶದ ವೃತ್ತಾಂತ. ಹಾಗೆಯೇ, ಜೀವವಿಕಾಸವು ದೇವರಿಲ್ಲವೆಂದು ಸಾಧಿಸಿತೆಂದು ತರಗತಿಯಲ್ಲಿ ಹೇಳುವ ಅಧ್ಯಾಪಕರೂ ತಮ್ಮ ಶಾಸ್ತ್ರದ ಎಲ್ಲೆಯನ್ನು ಮೀರುತ್ತಾರೆ.

ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆಯನ್ನು ನಿಷೇಧಿಸುತ್ತದೆ. ಅನುದಾನಿತ ಶಾಲೆಯಲ್ಲಿ ಮಗುವಿನ ಪೋಷಕರ ಒಪ್ಪಿಗೆಯನ್ನು ಬಯಸುತ್ತದೆ. 1976ರಲ್ಲಿ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರಜೆಯ ಕರ್ತವ್ಯವೆನ್ನುತ್ತದೆ. ಆದುದರಿಂದ ನಮ್ಮ ಶಾಲೆಗಳಲ್ಲಿ ವಿಜ್ಞಾನದ ಗಂಟೆಯಲ್ಲಿ ಜೀವವಿಕಾಸವನ್ನು ಪೂರ್ಣವಾಗಿ, ಸಂಕೋಚವಿಲ್ಲದೆ ಕಲಿಸಬೇಕು. ಪುಸ್ತಕದಲ್ಲಿ ಕೊರತೆಯಿದ್ದರೆ ಅಧ್ಯಾಪಕರು ತುಂಬಿಕೊಡಬೇಕು. ಕುಂಬಾರನ ದೃಷ್ಟಾಂತ, ಅದರ ಖಂಡನೆ, ಶಿವನ ಅಭಿನ್ನನಿಮಿತ್ತೋಪಾದಾನತ್ವ ಇವುಗಳಿಗೆ ಮಠದ ಶಿವಾನುಭವ ಗೋಷ್ಠಿಯಿದೆ, ದರ್ಶನದ ಪಾಠವಿದೆ. ಅಲ್ಲಿ ಅವನ್ನು ಇನ್ನೂ ಆಳವಾಗಿ ಕಲಿಸಬೇಕಾದ ಹೊಣೆ ನಮ್ಮದು. ಆ ಹೊಣೆಯನ್ನು ಜೀವಶಾಸ್ತ್ರದ ಅಧ್ಯಾಪಕರ ಹೆಗಲಿಗೆ ವರ್ಗಾಯಿಸುವುದು ಸರಿಯಲ್ಲ.