ಮರಳಂಕಣದಲ್ಲಿ ಪಾಸಾದ ಪ್ರೋಗ್ರಾಂ

ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕಡತವೊಂದನ್ನು ಯೂನಿಕೋಡ್‌ಗೆ ಬದಲಿಸಬೇಕಾಗಿದೆ ಎನ್ನಿ. ಪರಿಚಿತರೊಬ್ಬರು ಪೆನ್‌ಡ್ರೈವ್‌ನಲ್ಲಿ ಪುಟ್ಟ ಪರಿವರ್ತಕವೊಂದನ್ನು ಕೊಡುತ್ತಾರೆ. ಬರೆದವರಾರೋ ತಿಳಿಯದು. ನಿಮ್ಮ ಗಣಕದಲ್ಲೋ ಹತ್ತು ವರ್ಷಗಳ ಪ್ರಯೋಗದ ದತ್ತಾಂಶವಿದೆ. “ಸ್ಯಾಂಡ್‌ಬಾಕ್ಸ್‌ನಲ್ಲಿ ಓಡಿಸಿ ನೋಡಿ, ತೊಂದರೆ ಕಾಣದಿದ್ದರೆ ಗಣಕಕ್ಕೆ ಹಾಕಿಕೊಳ್ಳಿ” ಎಂಬ ಸಲಹೆ ಈಗ ಎಲ್ಲೆಡೆ ದೊರೆಯುತ್ತದೆ. ಅದರ ಮೊದಲರ್ಧ ಸರಿ. ನನ್ನ ತಕರಾರು ಉಳಿದರ್ಧದ ಬಗ್ಗೆ.

ಸ್ಯಾಂಡ್‌ಬಾಕ್ಸ್ ಎಂದರೆ ಮಕ್ಕಳಾಡುವ, ಸುತ್ತ ಕಟ್ಟೆಯಿರುವ ಮರಳಿನ ಅಂಕಣ. (ನಮ್ಮ ಮಕ್ಕಳು ಮನೆ ಕಟ್ಟಲು ತಂದು ಸುರಿದ ರಾಶಿಯಲ್ಲಿ ಆಡುವವರು, ಅದಕ್ಕೆ ಕಟ್ಟೆಯಿಲ್ಲ, ಬೀದಿಯೆಲ್ಲ ಮರಳು.) 2019ರಲ್ಲಿ ವಿಂಡೋಸ್ 10ರೊಂದಿಗೆ ಬಂದ ‘ವಿಂಡೋಸ್ ಸ್ಯಾಂಡ್‌ಬಾಕ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರೊಸೆಸರ್‌ನಲ್ಲಿರುವ ವರ್ಚುವಲೀಕರಣ ಸೌಲಭ್ಯದ ನೆರವಿನಿಂದ ಅದು ಗಣಕದೊಳಗೆ ಇನ್ನೊಂದು ಗಣಕವನ್ನು ಎಬ್ಬಿಸುತ್ತದೆ. ಅದಕ್ಕೆ ತನ್ನದೇ ಕರ್ನೆಲ್ ಇರುತ್ತದೆ. ಕಿಟಕಿ ಮುಚ್ಚಿದರೆ ಒಳಗಿನದೆಲ್ಲ ಅಳಿದುಹೋಗುತ್ತದೆ. ತಾಂತ್ರಿಕವಾಗಿ ಅಚ್ಚುಕಟ್ಟಾದ ಕೆಲಸ, ಸಂಶಯವಿಲ್ಲ.

ಆದರೆ ಏನನ್ನೂ ಬದಲಿಸದೆ ತೆರೆದರೆ ಅದರಲ್ಲಿ ಅಂತರಜಾಲ ಸಂಪರ್ಕ ತೆರೆದೇ ಇರುತ್ತದೆ. ಕ್ಲಿಪ್‌ಬೋರ್ಡ್ ಒಳಗೂ ಹೊರಗೂ ಒಂದೇ: ಹೊರಗೆ ನೀವು ನಕಲಿಸಿದ ಗುಪ್ತಪದವನ್ನು ಒಳಗಿನ ಪ್ರೋಗ್ರಾಂ ಓದಬಲ್ಲದು. ನೀವು ಹಂಚಿಕೊಂಡ ಫೋಲ್ಡರ್‌ಗೆ ‘ಓದಲು ಮಾತ್ರ’ ಎಂದು ನಮೂದಿಸದಿದ್ದರೆ ಬರೆಯುವ, ಅಳಿಸುವ ಹಕ್ಕೂ ಅದಕ್ಕುಂಟು. ಸಾಲದ್ದಕ್ಕೆ, ಮನೆಬಳಕೆಯ ‘ಹೋಮ್’ ಆವೃತ್ತಿಯಲ್ಲಿ ಈ ಸೌಲಭ್ಯವೇ ಇಲ್ಲ. ಹೆಚ್ಚು ಬೇಕಾದವರಿಗೇ ಇಲ್ಲವಾಯಿತು.

ಇವು ತಿದ್ದಿಕೊಳ್ಳಬಹುದಾದ ಕೊರತೆಗಳು. ತಿದ್ದಲಾಗದ್ದು ಬೇರೆಯಿದೆ: ಪ್ರೋಗ್ರಾಂ ತಾನೆಲ್ಲಿದ್ದೇನೆಂದು ತಿಳಿಯಬಲ್ಲದು. 2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಕುತಂತ್ರಾಂಶವನ್ನು ನೋಡಿ. ಅದು ಮೊದಲು ಅರ್ಥವಿಲ್ಲದ ಉದ್ದ ಹೆಸರಿನ, ನೋಂದಣಿಯೇ ಆಗಿರದ ಜಾಲತಾಣವೊಂದನ್ನು ಕರೆಯುತ್ತಿತ್ತು. ಉತ್ತರ ಬಂದರೆ ಏನೂ ಮಾಡದೆ ನಿಲ್ಲುತ್ತಿತ್ತು. ಕೆಲವು ಪರೀಕ್ಷಾ ಅಂಕಣಗಳು ಪ್ರೋಗ್ರಾಂ ಕೇಳಿದ ಯಾವ ತಾಣದ ಹೆಸರಿನಲ್ಲೂ ತಾವೇ ಓಗೊಡುತ್ತವೆ. ಇಲ್ಲದ ತಾಣ ಓಗೊಟ್ಟಿತೆಂದರೆ ಇದು ಪರೀಕ್ಷೆಯೇ ಎಂದರ್ಥ. ಆ ಕರೆಯ ಉದ್ದೇಶ ಇದೇ ಇರಬೇಕೆಂದು ಹಲವು ತಜ್ಞರು ಊಹಿಸಿದ್ದಾರೆ. ಬ್ರಿಟನ್ನಿನ ಮಾರ್ಕಸ್ ಹಚಿನ್ಸ್ ಆ ಹೆಸರನ್ನು ನೋಂದಾಯಿಸಿದೊಡನೆ ಹಾವಳಿ ತಗ್ಗಿತು. ಊಹೆ ನಿಜವಾದರೆ, ಅಂದು ಲೋಕದ ಗಣಕಗಳೆಲ್ಲ ಅದರ ಕಣ್ಣಿಗೆ ಮರಳಂಕಣಗಳಾಗಿ ಕಂಡಿರಬೇಕು!

ಇಷ್ಟು ಜಾಣತನವೂ ಬೇಕಿಲ್ಲ. ನೀವು ಹತ್ತು ನಿಮಿಷ ನೋಡುವಿರಿ. ಅದು ಹತ್ತು ದಿನ ಸುಮ್ಮನಿದ್ದರೆ ಆಯಿತು. ಪ್ರೋಟಾನ್ ಕ್ಷಯಿಸುವುದನ್ನು ಇದುವರೆಗೆ ಯಾರೂ ಕಂಡಿಲ್ಲ. ಆದರೂ ಭೌತವಿಜ್ಞಾನಿಗಳು ‘ಕ್ಷಯಿಸದು’ ಎನ್ನುವುದಿಲ್ಲ. ಅದರ ಆಯುಷ್ಯ ಇಂತಿಷ್ಟು ವರ್ಷಗಳಿಗಿಂತ ಹೆಚ್ಚು ಎಂದು ಮಾತ್ರ ಹೇಳುತ್ತಾರೆ. ಮರಳಂಕಣದ ಫಲಿತಾಂಶವನ್ನೂ ಹಾಗೆಯೇ ಓದಬೇಕು. ಯಾವುದೇ ಪ್ರೋಗ್ರಾಂ ವೈರಸ್ಸೇ ಅಲ್ಲವೇ ಎಂದು ತಪ್ಪದೆ ಹೇಳುವ ಸಾರ್ವತ್ರಿಕ ವಿಧಾನ ಇರಲಾರದೆಂದು ಫ್ರೆಡ್ ಕೋಹೆನ್ 1984ರಲ್ಲೇ ತೋರಿಸಿದ್ದರು.

ಕಟ್ಟೆಯೂ ಬಿರುಕು ಬಿಡುತ್ತದೆ. ಕ್ಯೂಎಮು ಎಂಬ ವರ್ಚುವಲ್ ಯಂತ್ರ ತಂತ್ರಾಂಶದ ಫ್ಲಾಪಿ ನಿಯಂತ್ರಕದಲ್ಲಿ, ಒಳಗಿನಿಂದ ಹೊರಬೀಳಲು ದಾರಿಯಾಗಬಲ್ಲ ‘ವೆನಮ್’ ದೋಷ 2015ರಲ್ಲಿ ಪತ್ತೆಯಾಯಿತು. ಅದು 2004ರಿಂದಲೂ ಅಲ್ಲಿತ್ತು. ಯಾರೂ ಬಳಸದ ಫ್ಲಾಪಿ! ಇಂಥವು ಅಪರೂಪ. ಸಾಮಾನ್ಯ ಬಳಕೆದಾರರು ಇದಕ್ಕೆ ನಿದ್ದೆಗೆಡಬೇಕಿಲ್ಲ.

ವಿಕಿರಣಶೀಲ ಪುಡಿಯನ್ನು ಗಾಜಿನ ಕೈಗವಸು ಪೆಟ್ಟಿಗೆಯೊಳಗೆ ಹತ್ತು ನಿಮಿಷ ನಿಭಾಯಿಸಿ, ಏನೂ ಆಗಲಿಲ್ಲವೆಂದು ಬರಿಗೈಗೆ ಸುರಿದುಕೊಳ್ಳುವವರಿಲ್ಲ. ಪರಿವರ್ತಕಕ್ಕೂ ಇದೇ ಕ್ರಮ ಇರಲಿ. ಅದು ಖಾಯಂ ಆಗಿ ಒಳಗೇ ಇರಲಿ. ಬೇಕಾದಾಗಲೆಲ್ಲ ಅಲ್ಲೇ ಓಡಿಸಿ. ನೋಟ್‌ಪ್ಯಾಡಿನಲ್ಲಿ ನಾಲ್ಕಾರು ಸಾಲು ಬರೆದು ಡಬ್ಲ್ಯುಎಸ್‌ಬಿ ಕಡತವಾಗಿ ಉಳಿಸಿಕೊಂಡರೆ ಅಂತರಜಾಲ, ಕ್ಲಿಪ್‌ಬೋರ್ಡ್ ಎರಡನ್ನೂ ಮುಚ್ಚಬಹುದು. ಮೂಲ ಕಡತದ ನಕಲೊಂದನ್ನು ‘ಓದಲು ಮಾತ್ರ’ ಫೋಲ್ಡರಿನಲ್ಲಿ ಕೊಡಿ. ಫಲಿತಾಂಶ ಬರೆಯಲು ಬೇರೊಂದು ಖಾಲಿ ಫೋಲ್ಡರ್ ಇರಲಿ. ಹೊರಬರುವುದು ಬರಿಯ ಪಠ್ಯ ಕಡತವಾಗಿರಲಿ. ಮ್ಯಾಕ್ರೋ ಹೊತ್ತ ವರ್ಡ್ ಕಡತವಾದರೆ ಅದೂ ಒಂದು ಪ್ರೋಗ್ರಾಮೇ.